ನನ್ನ ತಬಲಾಭ್ಯಾಸ

ಅರುವತ್ತು ದಾಟಿದ ಮನುಷ್ಯನು ಹೊಸದಾಗಿ ಒಂದು ವಿದ್ಯೆಯನ್ನು ಆರಂಭಿಸಿದನೆಂದರೆ ಊರವರಲ್ಲಿ ಎರಡು ಬಗೆಯ ಸಂದೇಹಗಳು ಹುಟ್ಟುವುವು. ಈತನ ಬುದ್ಧಿಗೆ ಏನಾದರೂ ಆಗಿರಬಹುದೇ ಎಂಬುದು ಒಂದು. ಈತನ ಮನೆಯಲ್ಲಿ ಏನಾದರೂ ಆಗಿರಬಹುದೇ ಎಂಬುದು ಇನ್ನೊಂದು. ನನ್ನ 63ನೆಯ ವಯಸ್ಸಿನಲ್ಲಿ, ಅಕ್ಕಿಆಲೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ತಬಲೆಯ ಮುಂದೆ ಕುಳಿತ ದಿವಸ ಈ ಎರಡೂ ಸಂದೇಹಗಳು ನಮ್ಮ ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದುವು. ಎದುರು ಮನೆಯ ಹಿರಿಯರೊಬ್ಬರು ಕಟ್ಟೆಯ ಮೇಲೆ ನಿಂತು ಬಹಳ ಹೊತ್ತು ಕೇಳಿ, "ಮಾಸ್ತರ್ರ, ಬಾಗಲಾ ಯಾರರ ಬಡ್ಯಾಕ್ಹತ್ತ್ಯಾರೇನು ಅಂತ ಬಂದೆ" ಎಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನನ್ನ ನಾದವೇ ಹಾಗಿತ್ತು.

ಮೂವತ್ತೈದು ವರ್ಷ ಸಂಸ್ಕೃತವನ್ನು ಕಲಿಸಿ ನಿವೃತ್ತನಾದವನು ನಾನು. ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯ, ತರ್ಕಗಳನ್ನು ಓದಿ ಬೆಳೆದವನು. ನಮ್ಮ ಪಾಠಶಾಲೆಯಲ್ಲಿ ಕೈಬೆರಳಿಗೆ ಇದ್ದ ಕೆಲಸವೆಂದರೆ ಛಂದಸ್ಸಿನ ಲಘುಗುರುಗಳನ್ನು ಎಣಿಸುವುದು ಮಾತ್ರ. ಬೀದಿಯಲ್ಲಿ ಹಲಗೆ ಬಾರಿಸುತ್ತ ಮೆರವಣಿಗೆ ಬಂದರೆ ಗುರುಗಳು ಕಿಟಕಿ ಮುಚ್ಚಿಸುತ್ತಿದ್ದರು. ನಾನೂ ಮುಂದೆ ಮಾಸ್ತರನಾದ ಮೇಲೆ, ಬೆಂಚಿನ ಮೇಲೆ ಬೆರಳಾಡಿಸುವ ಹುಡುಗರನ್ನು ಎಬ್ಬಿಸಿ ನಿಲ್ಲಿಸಿದ್ದುಂಟು. ಶಬ್ದವೆಂದರೆ ಅರ್ಥವುಳ್ಳದ್ದು, ಉಳಿದದ್ದು ಗದ್ದಲ ಎಂಬುದು ನನ್ನ ನಿಶ್ಚಯವಾಗಿತ್ತು. ಇಂಥವನು ತಬಲೆಗೆ ಕೈಹಚ್ಚಿದ್ದು ಹೇಗೆಂಬುದನ್ನೂ, ತಬಲೆಯನ್ನು ಆರಿಸುವಲ್ಲಿ ಮಾಡಿದ ತಪ್ಪು ಯಾವುದೆಂಬುದನ್ನೂ ಈ ಮಾಸಿಕದ ವಾಚಕರ ಮುಂದಿಡಬೇಕೆಂದು ನನ್ನ ಅಪೇಕ್ಷೆ. ತಡವಾಗಿ ಕಲಿಯಲು ಹೊರಟ ಇನ್ನೊಬ್ಬರಿಗೆ ಇದರಿಂದ ಕೆಲವು ರೂಪಾಯಿಗಳಾದರೂ ಉಳಿದರೆ ಸಾಕು.

ನನ್ನ ಮನೆಯಾಕೆ ಹಾಡುವವಳು. ಸಂಗೀತವನ್ನು ಕ್ರಮವಾಗಿ ಕಲಿತವಳಲ್ಲ. ತಾಯಿಯಿಂದ ಬಂದ ದಾಸರ ಪದಗಳು, ಮಠದಲ್ಲಿ ಕೇಳಿ ಕಲಿತ ವಚನಗಳು ಇಷ್ಟೇ ಅವಳ ಬಂಡವಾಳ. ಶನಿವಾರ ಸಂಜೆ ನಮ್ಮ ಓಣಿಯಲ್ಲಿ ನಡೆಯುವ ಭಜನೆಗೆ ಅವಳು ಮದುವೆಯಾಗಿ ಬಂದ ವರ್ಷದಿಂದ ಹೋಗುತ್ತಿರುವಳು. ಆ ಭಜನೆಗೆ ತಬಲೆ ನುಡಿಸುತ್ತಿದ್ದ ಹಿರಿಯರು ಬೆಂಗಳೂರಿನ ಮಗನ ಮನೆಗೆ ಹೋಗಿ ನೆಲೆಸಿದರು. ತಾಳದ ಜೊತೆಯೊಂದೇ ಉಳಿಯಿತು. ಕೆಲವು ವಾರಗಳಾದ ಮೇಲೆ ಭಜನೆಗೆ ಬರುವವರ ಸಂಖ್ಯೆಯೂ ಇಳಿಯಿತು. ಒಂದು ರಾತ್ರಿ ಊಟಕ್ಕೆ ಬಡಿಸುತ್ತ ಅವಳು, "ತಬಲಾ ಇಲ್ಲದ ಹಾಡೂದು ಉಪ್ಪಿಲ್ಲದ ಸಾರಿನ್ಹಾಂಗ ಆಗೇದ. ನೀವರ ಕಲೀಬಾರದ? ಹ್ಯಾಂಗೂ ದಿನಾ ಖಾಲೀನ ಇರ್ತೀರಿ" ಎಂದಳು. ನಕ್ಕು ಹೇಳಿದ ಮಾತದು. ಆದರೆ 'ಖಾಲೀನ ಇರ್ತೀರಿ' ಎಂಬ ಮಾತು ನಿವೃತ್ತನಾದ ಮಾಸ್ತರನಿಗೆ ಎಲ್ಲಿ ನಾಟುವುದೋ ಅಲ್ಲಿಯೇ ನಾಟಿತು.

ಪಾಠಶಾಲೆಯವನಾದ ನಾನು ಮೊದಲು ಮಾಡಿದ್ದು ಪುಸ್ತಕ ತೆಗೆದದ್ದು. ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನವೆಂದು ನಾಲ್ಕಾಗಿ ವಿಭಾಗಿಸಿರುವುದು ಎಲ್ಲರಿಗೂ ತಿಳಿದದ್ದೇ. ಬಾಯಿಗೆ ಚರ್ಮವನ್ನು ಬಿಗಿದವು ಅವನದ್ಧಗಳು. ಭರತನ ನಾಟ್ಯಶಾಸ್ತ್ರದಲ್ಲಿ ಈ ಅವನದ್ಧಗಳ ಹುಟ್ಟಿಗೆ ಒಂದು ಸೊಗಸಾದ ಕಥೆಯಿರುವುದು. ಸ್ವಾತಿಯೆಂಬ ಮುನಿಯು ಒಂದು ಅನಧ್ಯಾಯದ ದಿನ ನೀರು ತರಲು ಸರೋವರಕ್ಕೆ ಹೋದನಂತೆ. ಮೋಡ ಕವಿದು ಮಳೆ ಬಂದಿತು. ಹಿರಿದು, ನಡುವಣದು, ಕಿರಿದು ಎಂದು ಬಗೆಬಗೆಯ ಗಾತ್ರದ ತಾವರೆಯೆಲೆಗಳ ಮೇಲೆ ಹನಿಗಳು ಬಿದ್ದಾಗ ಒಂದೊಂದರಿಂದ ಒಂದೊಂದು ನಾದವು ಹೊರಟಿತು. ಮುನಿಯು ಅದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಆಶ್ರಮಕ್ಕೆ ಮರಳಿ, ವಿಶ್ವಕರ್ಮನ ನೆರವಿನಿಂದ ಮೃದಂಗ ಪುಷ್ಕರಗಳನ್ನು ಮಾಡಿದನಂತೆ. ಈ ಕಥೆಯಲ್ಲಿ ನನ್ನನ್ನು ಸೆಳೆದದ್ದು ಅನಧ್ಯಾಯವೆಂಬ ಶಬ್ದ. ಅವನದ್ಧವಾದ್ಯವು ಹುಟ್ಟಿದ್ದೇ ಶಾಲೆಗೆ ಬಿಡುವಿದ್ದ ದಿವಸ! ನನಗಾದರೋ ನಿವೃತ್ತಿಯ ಮೇಲೆ ದಿನವೂ ಅನಧ್ಯಾಯವೇ.

ಇನ್ನು ಯಾವ ವಾದ್ಯವನ್ನು ಹಿಡಿಯಬೇಕೆಂಬ ವಿಚಾರ. ನಮ್ಮ ಸೀಮೆಯಲ್ಲಿ ಚರ್ಮವಾದ್ಯಗಳಿಗೆ ಬರಗಾಲವಿಲ್ಲ. ಡೊಳ್ಳು ಇರುವುದು, ಅದಕ್ಕೆ ಹೆಗಲೂ ಹರೆಯವೂ ಬೇಕು. ಹಲಗೆ, ಸಮ್ಮೇಳ, ಕರಡಿಮಜಲುಗಳಿರುವುವು. ಅವು ಬಯಲಿನ ನಾದಗಳು, ಪಡಸಾಲೆಗೆ ಹಿಡಿಸಲಾರವು. ಮೃದಂಗವು ಶಾಸ್ತ್ರದಲ್ಲಿ ಹೆಸರಿರುವ ವಾದ್ಯವೆಂದು ನನ್ನ ಮನಸ್ಸು ಅತ್ತ ವಾಲಿದ್ದು ನಿಜ. ಆದರೆ ಹಾನಗಲ್ಲ, ಹಾವೇರಿ, ಗದಗಗಳ ಕಡೆ ಹಾಡುವ ರೀತಿಯೇ ಹಿಂದುಸ್ತಾನಿಯದು. ಅದಕ್ಕೆ ಒಪ್ಪುವುದು ತಬಲೆ. ಅದು ಪ್ರಾಚೀನ ಶಾಸ್ತ್ರಗ್ರಂಥಗಳಲ್ಲಿ ಕಾಣದ, ಹದಿನೆಂಟನೆಯ ಶತಮಾನದಲ್ಲಿ ದಿಲ್ಲಿಯ ಕಡೆ ರೂಪುಗೊಂಡು ಬೆಳೆದ ವಾದ್ಯವೆಂದು ತಿಳಿದಾಗ ಶಾಸ್ತ್ರಾಭಿಮಾನಕ್ಕೆ ಕೊಂಚ ಕುಂದು ಬಂದಿತೆನ್ನಬೇಕು. ಆದರೆ ನಮ್ಮ ತಾಲೂಕಿನ ಮಣ್ಣೇ ನನಗೆ ಸಮಾಧಾನ ಹೇಳಿತು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳೂ, 1914ರಲ್ಲಿ ಇದೇ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳೂ ಈ ಸಂಗೀತವನ್ನೇ ತಪಸ್ಸನ್ನಾಗಿ ಮಾಡಿಕೊಂಡವರು. ಇಬ್ಬರಿಗೂ ಕಣ್ಣಿನ ಬೆಳಕಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಕುರುಡ ಮಕ್ಕಳಿಗೂ ಬಡಮಕ್ಕಳಿಗೂ ಅನ್ನವಿಕ್ಕಿ ಸ್ವರವಿಕ್ಕಿದರು. ಪುಟ್ಟರಾಜರು ಹಾಡುವುದಲ್ಲದೆ ಹಾರ್ಮೋನಿಯಂ, ತಬಲೆ, ಪಿಟೀಲುಗಳಲ್ಲಿಯೂ ನಿಪುಣರಾಗಿದ್ದರು. ಅದೂ ಅಲ್ಲದೆ, ಹಾನಗಲ್ಲೇ ವಿರಾಟನಗರಿಯೆಂದು ನಮ್ಮ ಕಡೆ ಮೊದಲಿನಿಂದ ಹೇಳುತ್ತ ಬಂದಿರುವರು. ಗಾಂಡೀವ ಹಿಡಿದ ಕೈ ಬೃಹನ್ನಳೆಯಾಗಿ ರಾಜಪುತ್ರಿಗೆ ಗೀತನೃತ್ಯಗಳನ್ನು ಕಲಿಸಿದ ನಾಡಿನಲ್ಲಿ, ಸೀಮೆಸುಣ್ಣ ಹಿಡಿದ ಕೈ ತಬಲೆಯನ್ನು ಮುಟ್ಟಿದರೆ ತಪ್ಪೇನು?

ಇಷ್ಟು ವಿಚಾರಮಾಡಿದವನು ಇನ್ನೆರಡು ವಿಚಾರಮಾಡಬೇಕಾಗಿತ್ತು: ಗುರುವನ್ನು ಮೊದಲು ಹುಡುಕುವುದು, ಆಮೇಲೆ ವಾದ್ಯವನ್ನು ಕೊಳ್ಳುವುದು. ನಾನು ಇದನ್ನು ತಿರುವುಮುರುವು ಮಾಡಿದೆ. ಮನೆಯಾಕೆಗೆ ಅಚ್ಚರಿಯಾಗಲೆಂದು, ಅವಳಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ದಾರಿಯುದ್ದಕ್ಕೂ ತರ್ಕಮಾಡಿದೆ. ತಬಲೆಯ ಬಾಯಿ ಕಿರಿದಾದಷ್ಟೂ ಸ್ವರ ಏರುವುದು, ಹಿರಿದಾದಷ್ಟೂ ಸ್ವರ ಇಳಿಯುವುದು; ಇದು ಸ್ವಾತಿಮುನಿಯ ತಾವರೆಯೆಲೆಯ ನ್ಯಾಯ. ಹೆಂಗಸರ ಕಂಠವು ಗಂಡಸರದಕ್ಕಿಂತ ಎತ್ತರದ್ದು, ಇದು ಲೋಕಪ್ರಸಿದ್ಧ. ಆದುದರಿಂದ ಹೆಂಗಸರ ಹಾಡಿಗೆ ಕಿರುಬಾಯಿಯ ತಬಲೆಯೇ ಬೇಕು. ಪಕ್ಷ, ಹೇತು, ದೃಷ್ಟಾಂತಗಳೆಲ್ಲ ಸರಿಯಾಗಿ ಕೂಡಿದ ಇಂಥ ಅನುಮಾನವನ್ನು ನನ್ನ ಗುರುಗಳು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ಅಂಗಡಿಯವನು, "ಯಾವ ಸ್ವರದ್ದು ಬೇಕ್ರಿ?" ಎಂದು ಕೇಳಿದನು. ನಾನು ಧೈರ್ಯದಿಂದ, "ಹೆಣ್ಣುಮಕ್ಕಳು ಹಾಡುವರು, ಸಣ್ಣ ಬಾಯಿಯದು ಕೊಡಿರಿ" ಎಂದೆ. ಅವನು ನನ್ನನ್ನು ಒಂದು ಕ್ಷಣ ನೋಡಿ, ಬಲ್ಲವರಿರಬೇಕೆಂದು ತಿಳಿದು ಸುಮ್ಮನಾದನೆಂದು ಈಗ ಊಹಿಸುತ್ತೇನೆ. ಐದೂಕಾಲು ಇಂಚಿನ ಬಾಯಿಯ, ಮಿರಮಿರನೆ ಮಿಂಚುವ ತಬಲೆಯನ್ನೂ ಅದಕ್ಕೊಪ್ಪುವ ತಾಮ್ರದ ಡಗ್ಗೆಯನ್ನೂ ಆರಿಸಿದೆ. ಒಂಬತ್ತು ಸಾವಿರ ರೂಪಾಯಿ ಎಣಿಸಿ ಕೊಟ್ಟು, ಕೂಸನ್ನು ತರುವಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮನೆಯಾಕೆಗೆ ಆದ ಸಂತೋಷವನ್ನು ಬಣ್ಣಿಸಲಾರೆ. ಅರಿಸಿನ ಕುಂಕುಮವಿಟ್ಟು, ಎರಡಕ್ಕೂ ತನ್ನ ಹಳೆಯ ರೇಷ್ಮೆ ಕುಪ್ಪಸದ ಬಟ್ಟೆಯಿಂದ ಹೊದಿಕೆ ಹೊಲಿದಳು. ಅಂದಿನಿಂದ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ನಾನು ಪುಸ್ತಕ ನೋಡಿ ಕಲಿತ ಎಂಟು ಮಾತ್ರೆಗಳನ್ನು ಕುಟ್ಟುವುದು, ಅವಳು ಎದುರು ಕುಳಿತು ಹಾಡುವುದು ನಡೆಯಿತು. ಅಂಗಡಿಯವನು ತಬಲೆಯನ್ನು ಯಾವ ಸ್ವರಕ್ಕೆ ಬಿಗಿದು ಕೊಟ್ಟಿದ್ದನೋ ಅದೇ ಸ್ವರವನ್ನು ಅವಳು ಷಡ್ಜವೆಂದು ಹಿಡಿದು ಹಾಡುತ್ತಿದ್ದಳು. ಪಲ್ಲವಿ ಹೇಗೋ ಸಾಗುವುದು. ಚರಣದಲ್ಲಿ ಸ್ವರ ಮೇಲೇರಿದಾಗ ಅವಳು ಕೆಮ್ಮುವಳು, ನೀರು ಕುಡಿಯುವಳು, ಒಮ್ಮೊಮ್ಮೆ ಆ ಸಾಲನ್ನು ಹಾಡದೆ ಬಾಯಲ್ಲಿಯೇ ಹೇಳಿ ಮುಗಿಸುವಳು. ಮೂರು ವಾರಗಳಾದುವು. "ವಯಸ್ಸಾಯಿತು, ಗಂಟಲು ಮೊದಲಿನ್ಹಾಂಗ ಇಲ್ಲ" ಎಂದಳು. ನಾನೂ ಹಾಗೆಯೇ ನಂಬಿದೆ. ಜೇಷ್ಠಮಧುವಿನ ಕಡ್ಡಿಯನ್ನು ತಂದುಕೊಟ್ಟೆ.

ಆಮೇಲೆ ಗುರುಗಳು ದೊರೆತರು. ಗದಗಿನ ಆಶ್ರಮದಲ್ಲಿ ಬೆಳೆದು ಕಲಿತವರು, ಹತ್ತಿರದ ಹಳ್ಳಿಯಲ್ಲಿರುವರು, ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಹುಟ್ಟಿನಿಂದ ಕಣ್ಣು ಕಾಣದವರು. ಮೊದಲ ದಿವಸ ಅವರು ನಮ್ಮ ಮನೆಗೆ ಬಂದಾಗ ನಾನು ಬಾಗಿ ಕಾಲು ಮುಟ್ಟಲು ಹೋದರೆ, "ಮಾಸ್ತರ್ರ, ನೀವು ನಮ್ಮೂರ ಅರ್ಧ ಹುಡುಗೂರಿಗೆ ಕಲಿಸಿದವರು, ಇದೆಲ್ಲಾ ಬ್ಯಾಡ್ರಿ" ಎಂದು ಕಾಲನ್ನು ಹಿಂದೆ ಸರಿಸಿಕೊಂಡರು. ಕುಳಿತ ಮೇಲೆ, "ಎಲ್ಲೈತಿ ತಬಲಾ?" ಎಂದು ಕೈ ಚಾಚಿದರು.

ಅವರು ಆ ವಾದ್ಯವನ್ನು ಪರೀಕ್ಷಿಸಿದ ಕ್ರಮವನ್ನು ಕೊಂಚ ವಿವರವಾಗಿ ಹೇಳಬೇಕು. ಹೊಸದಾಗಿ ಕೊಳ್ಳುವವರಿಗೆ ಅದು ಉಪಯುಕ್ತವಾದೀತು. ಮೊದಲು ತಬಲೆಯನ್ನು ಎತ್ತಿ ತೂಕ ನೋಡಿದರು. ಶೀಸವೆ, ಖೈರ ಮುಂತಾದ ಗಟ್ಟಿ ಮರದ ಗುಂಡು ಒಳ್ಳೆಯದು, ಭಾರವು ಬುಡದಲ್ಲಿರಬೇಕು, ಹಗುರವಾದ ಗುಂಡು ನುಡಿಸುವಾಗ ಕದಲುವುದು, ನಾದವನ್ನೂ ಹಿಡಿದಿಡಲಾರದು. ಬಳಿಕ ಉಗುರಿನಿಂದ ಮರದ ಸುತ್ತಲೂ ಸವರಿ ಬಿರುಕನ್ನು ಹುಡುಕಿದರು. ಬಿರುಕಿಗೆ ಬಣ್ಣ ಬಳಿದರೆ ಕಣ್ಣು ಮೋಸಹೋಗುವುದು, ಉಗುರು ಮೋಸಹೋಗದು. ಆಮೇಲೆ ಪುಡಿಯನ್ನು, ಎಂದರೆ ಬಾಯಿಗೆ ಬಿಗಿದ ಚರ್ಮವನ್ನು ಮುಟ್ಟಿದರು. ನಡುವಣ ಕಪ್ಪು ಶಾಯಿಯು ಸರಿಯಾಗಿ ಮಧ್ಯದಲ್ಲಿದೆಯೇ, ಅಂಚಿನಲ್ಲಿ ತೆಳ್ಳಗಾಗಿದೆಯೇ, ಎಲ್ಲಿಯಾದರೂ ಉದುರಿದೆಯೇ ಎಂದು ಬೆರಳ ತುದಿಯಿಂದ ತಿಳಿದರು. ಗಜರೆಯ ಹದಿನಾರು ಮನೆಗಳಲ್ಲಿ ಒಂದೊಂದರೆದುರಿಗೂ ತರ್ಜನಿಯಿಂದ ನುಡಿಸಿ, ಎಲ್ಲೆಡೆಯೂ ಒಂದೇ ಸ್ವರ ಬರುವುದೇ ಎಂದು ಕೇಳಿದರು. ವಾದಿಗಳ, ಎಂದರೆ ಬಿಗಿದ ಚರ್ಮದ ಪಟ್ಟಿಗಳ ಬಿಗುವನ್ನು ನೋಡಿದರು; ಎಂಟು ಗಟ್ಟೆಗಳನ್ನು ಮೇಲೆ ಕೆಳಗೆ ಸರಿಸಲು ಎಡೆಯಿದೆಯೇ ಎಂದು ಅಳೆದರು. ಡಗ್ಗೆಯನ್ನು ಎತ್ತಿ, "ಇದು ಚಲೋ ಐತಿ, ತೂಕ ಐತಿ. ಹಗರ ಡಗ್ಗಾ ತಂದ್ರ ಕೊಡಪಾನ ಬಡದ್ಹಂಗ ಆಕ್ಕತಿ" ಎಂದರು. ಇಷ್ಟೆಲ್ಲ ಮುಗಿಯುವುದಕ್ಕೆ ಅರ್ಧ ತಾಸು ಹಿಡಿಯಿತು. ನಾನು ಅಂಗಡಿಯಲ್ಲಿ ನೋಡಿದ್ದು ಹೊಳಪೊಂದನ್ನೇ! ಅಂಧಗಜನ್ಯಾಯವನ್ನು ಎಷ್ಟೋ ಸಲ ಹುಡುಗರಿಗೆ ವಿವರಿಸಿದವನು ನಾನು. ಆನೆಯನ್ನು ಸರಿಯಾಗಿ ಕಂಡವರು ಅಂದು ನನ್ನೆದುರಿಗಿದ್ದರು.

"ತಬಲಾ ಚಲೋನ ಐತ್ರಿ. ಅಂಗಡ್ಯಾಂವ ನಿಮಗ ಮೋಸ ಮಾಡಿಲ್ಲ" ಎಂದರು ಗುರುಗಳು. ನನಗೆ ಹಿಗ್ಗಾಯಿತು. ಅವರು ಇನ್ನೊಮ್ಮೆ ನುಡಿಸಿ ತಲೆಯೋರೆ ಮಾಡಿ ಕೇಳಿ, "ಆದರ ಇದು ಕಪ್ಪು ಒಂದರ ತಬಲಾ. ಯಾರ ಹಾಡಿಗೆ ತಂದ್ರಿ?" ಎಂದರು. "ಮನೆಯಾಕೆ ಹಾಡುವಳು" ಎಂದೆ. ಅವರು ನಕ್ಕರು. "ಅಮ್ಮಾರ ಸ್ವರ ಕಪ್ಪು ನಾಲ್ಕು. ಮಠದಾಗ ಎಷ್ಟೋ ಸಲ ಕೇಳೇನಿ. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ.

ಅವರು ನನ್ನ ತರ್ಕದಲ್ಲಿದ್ದ ದೋಷವನ್ನು ಬಿಡಿಸಿ ತೋರಿಸಿದರು. ಹಾರ್ಮೋನಿಯಂ ಮನೆಗಳಲ್ಲಿ ಎಣಿಸಿ ಸ್ವರವನ್ನು ಹೇಳುವುದು ನಮ್ಮ ಕಡೆಯ ರೂಢಿ. ಗಂಡಸರು ಬಹುಮಟ್ಟಿಗೆ ಕಪ್ಪು ಒಂದು, ಕಪ್ಪು ಎರಡರ ಸುಮಾರಿಗೆ ತಮ್ಮ ಷಡ್ಜವನ್ನು ಇಡುವರು. ಆದರೆ ಅದು ಕೆಳಗಿನ ಸ್ಥಾಯಿಯದು. ತಬಲೆಯು ಅಷ್ಟು ತಗ್ಗಿಗೆ ಇಳಿಯಲಾರದಾದ ಕಾರಣ ಅದನ್ನು ಒಂದು ಸ್ಥಾಯಿ ಮೇಲೆ, ಅಲ್ಲಿಯ ಕಪ್ಪು ಒಂದಕ್ಕೆ ಹೊಂದಿಸುವರು. ಹೆಂಗಸರ ಷಡ್ಜವಾದರೋ ಈ ಎರಡರ ನಡುವೆ, ಕಪ್ಪು ನಾಲ್ಕು, ಕಪ್ಪು ಐದರ ಸುಮಾರಿಗೆ ಇರುವುದು. ಅಲ್ಲಿಗೆ ತಬಲೆ ನೇರವಾಗಿಯೇ ಇಳಿಯಬಲ್ಲುದು. ಆದುದರಿಂದ ಗಂಡಸರ ಹಾಡಿಗೆ ಐದೂಕಾಲು ಐದೂವರೆ ಇಂಚಿನ ಕಿರುಬಾಯಿಯೂ, ಹೆಂಗಸರ ಹಾಡಿಗೆ ಆರು ಇಂಚಿನ ಆಸುಪಾಸಿನ ಹಿರಿಬಾಯಿಯೂ ಬೇಕಾಗುವುವು. ನನ್ನ ಎರಡು ವಾಕ್ಯಗಳೂ ನಿಜವಾಗಿದ್ದುವು. ಸಿದ್ಧಾಂತ ಮಾತ್ರ ಸುಳ್ಳಾಯಿತು. ನಡುವೆ ಒಂದು ಸ್ಥಾಯಿಯೇ ಜಾರಿಹೋಗಿತ್ತು.

"ಇದನ್ನ ಅಮ್ಮಾರ ಮಧ್ಯಮಕ್ಕ ಇಟಗೊಂಡು ನುಡಿಸಾಕ ಬರ್ತೈತಿ. ಬಲ್ಲವರು ನುಡಸ್ತಾರ" ಎಂದು ಗುರುಗಳು ಮುಂದುವರಿಸಿದರು. "ಆದರ ಹೊಸದಾಗಿ ಕಲ್ಯಾವರಿಗೆ ಅದು ಬ್ಯಾಡ. ಹಾಡಾವರಿಗೆ ತಮ್ಮ ಸಾ ಕೇಳಬೇಕು. ಇಲ್ಲಂದ್ರ ಅವರು ತಬಲಾದ ಬೆನ್ನ ಹತ್ತಿ ಹೊಕ್ಕಾರ." ಮೂರು ವಾರಗಳಿಂದ ನಮ್ಮ ಮನೆಯಲ್ಲಿ ನಡೆದದ್ದು ಅದೇ. ನನ್ನ ತಬಲೆಯ ಬೆನ್ನು ಹತ್ತಿ ಅವಳು ತನ್ನ ಷಡ್ಜದಿಂದ ಮಧ್ಯಮದವರೆಗೆ ಏರಿ, ಅಲ್ಲಿಂದ ಹಾಡಲಾರದೆ ಹಾಡುತ್ತಿದ್ದಳು. ಬಾಗಿಲ ಮರೆಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅವಳ ಮುಖವನ್ನು ನಾನು ನೋಡಲಾರದೆ ಹೋದೆ.

ಆ ರಾತ್ರಿ ಅವಳನ್ನು ಕೇಳಿದೆ: "ಸ್ವರ ಎತ್ತರವಾಯಿತೆಂದು ನಿನಗೆ ತಿಳಿದಿತ್ತೇ?"

"ತಿಳೀದನ ಏನು? ಮೊದಲನೇ ದಿನಾನ ತಿಳೀತು."

"ಹಾಗಾದರೆ ಹೇಳಲಿಲ್ಲವೇಕೆ?"

ಅವಳು ಹಾಸಿಗೆಯನ್ನು ಬಿಡಿಸುತ್ತ ತುಸು ಹೊತ್ತು ಸುಮ್ಮನಿದ್ದಳು. "ನೀವಾಗಿ ಹೋಗಿ ನನಗೋಸ್ಕರ ಒಂದು ತಂದ್ರಿ. ಅದನ್ನೂ ತಪ್ಪು ತಂದೀರಿ ಅಂತ ಯಾ ಬಾಯಿಲೆ ಹೇಳ್ಲಿ? ನಾನ ಹೊಂದಿಸಿಕೊಂಡರ ಆತು ಅಂದೆ."

ಅವಳು ಆಕ್ಷೇಪಣೆಯ ಧ್ವನಿಯಲ್ಲಿ ಹೇಳಲಿಲ್ಲ. ಬೇಳೆ ಮುಗಿದಿದೆ ಎಂದು ಹೇಳುವ ಧ್ವನಿಯಲ್ಲಿಯೇ ಹೇಳಿದಳು. ಆದುದರಿಂದಲೇ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ನಮಗೆ ಮದುವೆಯಾಗಿ ಮೂವತ್ತೇಳು ವರ್ಷಗಳಾದುವು. ಈ ಮನೆಯಲ್ಲಿ ಬೆಳಗೂ ಸಂಜೆಯೂ ಅವಳು ಹಾಡುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಿದ್ದೆ. ಪದಗಳ ಸಾಹಿತ್ಯದಲ್ಲಿ ಸಂಸ್ಕೃತ ಶಬ್ದವೇನಾದರೂ ತಪ್ಪಾದರೆ ಅಲ್ಲಿಂದಲೇ ಕೂಗಿ ತಿದ್ದುತ್ತಿದ್ದೆ. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವನ್ನು ಅಷ್ಟು ದೂರದಿಂದ ಹಿಡಿಯುತ್ತಿದ್ದ ಈ ಕಿವಿಗೆ ಅವಳ ಸ್ವರ ಯಾವುದೆಂಬುದು ಮಾತ್ರ ತಿಳಿಯಲಿಲ್ಲ. ಮಠದಲ್ಲಿ ನಾಲ್ಕಾರು ಸಲ ಕೇಳಿದ ಪರರಿಗೆ ತಿಳಿದಿತ್ತು. ತಬಲೆಯ ಒಂದು ವಿಷಯದಲ್ಲಿ ಅವಳು ಹೊಂದಿಸಿಕೊಂಡದ್ದು ಹೊರಬಿದ್ದಿತು. ಹೊರಬೀಳದೆ ಹೋದವು ಎಷ್ಟೋ! ಪ್ರತ್ಯಕ್ಷವು ಸಾಧ್ಯವಿರುವಲ್ಲಿ ಅನುಮಾನಕ್ಕೆ ಹೋಗಬಾರದೆಂದು ಹುಡುಗರಿಗೆ ಹೇಳಿಕೊಟ್ಟವನು ನಾನೇ. ಹತ್ತು ಮಾರು ದೂರದಲ್ಲಿದ್ದ ಪ್ರತ್ಯಕ್ಷವನ್ನು ಬಿಟ್ಟು, ಹುಬ್ಬಳ್ಳಿಯ ಬಸ್ಸಿನಲ್ಲಿ ಅನುಮಾನಮಾಡುತ್ತ ಹೋಗಿದ್ದೆ.

ಮರುವಾರ ಮೂವರೂ ಕೂಡಿ ಹುಬ್ಬಳ್ಳಿಗೆ ಹೋದೆವು. ಗುರುಗಳು ಅಂಗಡಿಯಲ್ಲಿ ಕುಳಿತು, "ಅಮ್ಮಾರ, ನಿಮಗ ಹಗರಾಗಿ ಬರೂ ಕಡೆ ಒಂದು ಸಾ ಹಚ್ಚರಿ" ಎಂದರು. ಬೀದಿಯ ಗದ್ದಲದ ನಡುವೆ, ನಾಲ್ಕು ಜನ ಅಪರಿಚಿತರ ಮುಂದೆ ಅವಳು ನಾಚುತ್ತ, ಸೆರಗನ್ನು ಸರಿಮಾಡಿಕೊಂಡು ಷಡ್ಜವನ್ನು ಹಿಡಿದಳು. ಏನೂ ಕಷ್ಟವಿಲ್ಲದೆ, ತುಂಬಿದ ಕೊಡವನ್ನು ನೆಲಕ್ಕಿಟ್ಟಂತೆ ನಿಂತಿತು ಆ ಸ್ವರ. ನಾಲ್ಕು ತಬಲೆಗಳನ್ನು ನುಡಿಸಿ ನೋಡಿದ ಮೇಲೆ ಐದನೆಯದು ಅದಕ್ಕೆ ಕೂಡಿತು. ಆರು ಇಂಚಿನ ಬಾಯಿ. ಮರ ಬಣ್ಣಗೆಟ್ಟದ್ದು, ನೋಡಲು ಏನೂ ಚೆಂದವಿಲ್ಲ. ಡಗ್ಗೆ ಮೊದಲಿನದೇ ಸಾಕಾಯಿತು. ಮೊದಲ ತಬಲೆಯನ್ನು ಅಂಗಡಿಯವನು ತುಸು ಕಡಿಮೆ ಬೆಲೆಗೆ ಮರಳಿ ಕೊಳ್ಳಲು ಒಪ್ಪಿದನು; ಆದರೆ ಮನೆಯಾಕೆ ಕೊಡಗೊಡಲಿಲ್ಲ. ಅದು ಈಗಲೂ ರೇಷ್ಮೆಯ ಹೊದಿಕೆಯಲ್ಲಿ ದೇವರ ಕೋಣೆಯ ಮಾಡದಲ್ಲಿರುವುದು.

ಅಭ್ಯಾಸದ ವಿಚಾರವಾಗಿ ಎರಡು ಮಾತು. ಕಲಿಯುವವನಿಗೆ ಸಾಧಾರಣ ವಾದ್ಯ ಸಾಕು, ಬಲ್ಲವನಿಗೆ ಒಳ್ಳೆಯದು ಬೇಕು ಎಂದು ಜನರು ತಿಳಿಯುವರು. ಗುರುಗಳ ಅಭಿಪ್ರಾಯ ಇದಕ್ಕೆ ವಿರುದ್ಧವಾದದ್ದು. ಬಲ್ಲವನು ಕೆಟ್ಟ ತಬಲೆಯಿಂದಲೂ ನಾದವನ್ನು ತೆಗೆದಾನು. ಕಲಿಯುವವನಾದರೋ, ನಾದ ಬಾರದಿದ್ದರೆ ತಪ್ಪು ಕೈಯದೋ ಚರ್ಮದ್ದೋ ತಿಳಿಯಲಾರದೆ ಕಂಗೆಡುವನು. ಮೊದಲ ತಿಂಗಳು ಅವರು ನನಗೆ ಕಲಿಸಿದ್ದು 'ನಾ' ಎಂಬ ಒಂದಕ್ಷರವನ್ನು. ಅನಾಮಿಕೆಯನ್ನು ಶಾಯಿಯ ಅಂಚಿಗೆ ಹಗುರಾಗಿ ಊರಿ, ತರ್ಜನಿಯಿಂದ ಅಂಚಿನ ಪಟ್ಟಿಯ ಮೇಲೆ ಹೊಡೆದು, ಹೊಡೆದೊಡನೆ ಎತ್ತಬೇಕು. ಎತ್ತುವುದರಲ್ಲಿಯೇ ನಾದವಿರುವುದು. ಎಡಗೈಯ 'ಗೆ' ಬಲಗೈಯ 'ನಾ' ಎರಡೂ ಒಂದೇ ಕ್ಷಣದಲ್ಲಿ ಕೂಡಿದರೆ 'ಧಾ' ಆಗುವುದು. ಕೂದಲೆಳೆಯಷ್ಟು ಹಿಂದುಮುಂದಾದರೂ ಸಂಧಿಯಾಗದೆ ಎರಡು ಪದಗಳಾಗಿಯೇ ಉಳಿಯುವುವು. ವೈಯಾಕರಣನಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆ ಬೇಕೇ?

ಛಂದಸ್ಸು ಮಾತ್ರ ನನ್ನ ಕೈಬಿಡಲಿಲ್ಲ. ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ನಡೆಯುವ ಭಾಮಿನೀ ಷಟ್ಪದಿಯನ್ನು ಓದಿದವನಿಗೆ ಏಳು ಮಾತ್ರೆಯ ರೂಪಕ ತಾಲವು ಪರಿಚಿತ ಮನೆಯಂತೆ ತೋರುವುದು. ಹದಿನಾರು ಮಾತ್ರೆಯ ತೀನ್‌ತಾಲದಲ್ಲಿ ಒಂಬತ್ತನೆಯ ಮಾತ್ರೆಗೆ 'ಖಾಲಿ' ಎಂದು ಹೆಸರು. ಅಲ್ಲಿ ಚಪ್ಪಾಳೆಯ ಬದಲು ಕೈಬೀಸುವರು, ಮುಂದೆ ಸ್ವಲ್ಪ ಹೊತ್ತು ಡಗ್ಗೆಯ ಗುಂಭನಾದವು ಅಡಗುವುದು. ಆ ಅಡಗುವಿಕೆಯಿಂದಲೇ ಹಾಡುವವರಿಗೆ ತಾವು ತಾಲದಲ್ಲಿ ಎಲ್ಲಿರುವೆವೆಂಬುದು ತಿಳಿಯುವುದು. ಅಭಾವವೂ ಒಂದು ಪದಾರ್ಥವೆಂದು ವೈಶೇಷಿಕರು ಏಳನೆಯದಾಗಿ ಎಣಿಸಿದ್ದನ್ನು ಮೂವತ್ತೈದು ವರ್ಷ ಪಾಠಹೇಳಿದ್ದೆ. ಅದನ್ನು ಕಿವಿಯಿಂದ ಕೇಳಿದ್ದು ಈಗ. 'ಖಾಲೀನ ಇರ್ತೀರಿ' ಎಂದ ಮನೆಯಾಕೆಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ನಕ್ಕಳು.

ಈ ಕಪ್ಪು ಶಾಯಿಯ ಮಹಿಮೆಯನ್ನೂ ಇಲ್ಲಿ ಹೇಳದಿರಲಾರೆ. ಬರಿಯ ಚರ್ಮವನ್ನು ಬಿಗಿದು ಹೊಡೆದರೆ ಹುಟ್ಟುವ ಉಪನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದಲೇ ಅದು ಸದ್ದೆನಿಸುವುದು, ಸ್ವರವೆನಿಸದು. ಗಂಜಿಯ ಅಂಟಿನಲ್ಲಿ ಕಬ್ಬಿಣದ ಪುಡಿಯನ್ನು ಕಲಸಿ ಪದರಪದರವಾಗಿ ಹಚ್ಚಿ ಕಲ್ಲಿನಿಂದ ತಿಕ್ಕಿದ ಈ ವರ್ತುಲವು ಚರ್ಮದ ನಡುವಿಗೆ ಭಾರವನ್ನು ಕೊಟ್ಟು, ಆ ಉಪನಾದಗಳನ್ನು ತಂತಿಯ ನಾದಗಳಂತೆ ಕ್ರಮಕ್ಕೆ ತರುವುದು. ಇದನ್ನು ಸಿ. ವಿ. ರಾಮನ್ನರು ಶಿವಕಾಳಿ ಕುಮಾರರೊಡನೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿಯೂ, ಬಳಿಕ 1934ರಲ್ಲಿ ವಿಸ್ತಾರವಾಗಿಯೂ ಲೋಕಕ್ಕೆ ತಿಳಿಸಿದರು. ನಾಟ್ಯಶಾಸ್ತ್ರದ ಕಾಲದಲ್ಲಿ ಇದೇ ಕೆಲಸಕ್ಕೆ ನದೀತೀರದ ಮಣ್ಣನ್ನು ಚರ್ಮಕ್ಕೆ ಬಳಿಯುತ್ತಿದ್ದರು. ವಾದ್ಯ ಬದಲಾದರೂ ಅದನ್ನು ಮಾಡುವ ಕಸುಬಿನವರ ಕಿವಿ ಬದಲಾಗಲಿಲ್ಲ. ಪುಡಿಹಾಕುವ ಆ ಕೈಗಳನ್ನು ಕಂಡ ಮೇಲೆ, ಹಲಗೆಯ ಸದ್ದಿಗೆ ಕಿಟಕಿ ಮುಚ್ಚಿದ ಪಾಠಶಾಲೆಯ ನೆನಪು ನನ್ನನ್ನು ನಾಚಿಸುವುದು.

ಹೊಸಬರಿಗೆ ಇನ್ನಷ್ಟು ಸೂಚನೆಗಳು. ತಬಲೆಯ ಕೆಳಗಿಡುವ ಸಿಂಬಿಗಳು ಗಟ್ಟಿಯಾಗಿರಲಿ. ಸ್ವರ ಹೊಂದಿಸುವ ಸುತ್ತಿಗೆಯಿಂದ ಗಜರೆಯನ್ನು ಮೇಲಿನಿಂದ ತಟ್ಟಿದರೆ ಸ್ವರ ಏರುವುದು, ಕೆಳಗಿನಿಂದ ತಟ್ಟಿದರೆ ಇಳಿಯುವುದು. ಶಾಯಿಗೆ ಪೆಟ್ಟು ಬೀಳದಂತೆ ಎಚ್ಚರ ಬೇಕು. ವಾದ್ಯವನ್ನು ಬಿಸಿಲಿಗಿಡಬಾರದು, ಒದ್ದೆಗೈಯಿಂದ ಮುಟ್ಟಬಾರದು. ನೆಲದ ಮೇಲೆ ಕೂಡಲಾರದ ಮೊಣಕಾಲಿನವರು ನನ್ನಂತೆ ಗಿಡ್ಡ ಮಣೆಯನ್ನು ಹಾಕಿಕೊಳ್ಳಬಹುದು. ತಂಬೂರಿಯಿಲ್ಲದವರಿಗೆ ಈಗ ಮೊಬೈಲಿನಲ್ಲಿಯೇ ತಂಬೂರಿಯ ಶ್ರುತಿ ದೊರೆಯುವುದು. ಅದನ್ನು ಹಚ್ಚಿ, ಹಾಡುವವರ ಷಡ್ಜಕ್ಕೆ ಮೊದಲು ಕಿವಿಯನ್ನು ಹೊಂದಿಸಿ, ಆಮೇಲೆ ಸುತ್ತಿಗೆಯನ್ನು ಎತ್ತತಕ್ಕದ್ದು.

ಎಂಟು ತಿಂಗಳಾದ ಮೇಲೆ ಒಂದು ಶನಿವಾರ ನಾನು ಭಜನೆಯಲ್ಲಿ ನುಡಿಸಿದೆ. ಎರಡನೆಯ ಪದದಲ್ಲಿಯೇ ಸಮವನ್ನು ಕಳೆದುಕೊಂಡೆ. ಕೈ ಬೆವರಿತು. ಮನೆಯಾಕೆ ನನ್ನ ಕಡೆ ನೋಡಲಿಲ್ಲ. ಹಾಡುತ್ತಿದ್ದ ಸಾಲನ್ನೇ ಇನ್ನೊಮ್ಮೆ, ಮತ್ತೊಮ್ಮೆ ಹಾಡಿದಳು. ಮೂರನೆಯ ಸಲಕ್ಕೆ ನನಗೆ ದಾರಿ ಸಿಕ್ಕಿತು. ಕೇಳುತ್ತಿದ್ದವರು ಅದನ್ನು ಅವಳ ಭಕ್ತಿಯ ಉಕ್ಕೆಂದು ತಿಳಿದು ಕೈಮುಗಿದರು. ಅವಳು ಅಂದೂ ಹೊಂದಿಸಿಕೊಂಡಳು. ಆದರೆ ಈ ಸಲ ಅದು ನನ್ನ ಕಿವಿಗೆ ಬಿದ್ದಿತು.

ಈಗ ನಮ್ಮಲ್ಲಿ ಮಳೆಗಾಲ. ನಮ್ಮೂರು ಮಲೆನಾಡಿನ ಸೆರಗಿನಲ್ಲಿರುವುದರಿಂದ ಭತ್ತದ ಗದ್ದೆಗಳಿಂದ ಏಳುವ ಥಂಡಿಗೆ ಚರ್ಮವು ಸಡಿಲಾಗಿ ತಬಲೆಯ ಸ್ವರ ಇಳಿಯುವುದು. ನಿನ್ನೆ ಸಂಜೆ ನಾನು ಕುಳಿತು ಎರಡು ಸಲ 'ನಾ' ಎಂದು ನುಡಿಸಿದೆನೋ ಇಲ್ಲವೋ, ಅಡಿಗೆಯ ಮನೆಯಿಂದ, "ಇವತ್ತ ಇಳದದ ನೋಡ್ರಿ" ಎಂದಳು. ನಾನು ಕಿವಿಗೊಟ್ಟೆ. ಇಳಿದಿತ್ತು.

"ನಿನ್ನ ಸಾ ಹಚ್ಚು" ಎಂದೆ. ಅವಳು ಒಲೆಯ ಮುಂದಿನಿಂದಲೇ ಹಚ್ಚಿದಳು. ನಾನು ಸುತ್ತಿಗೆಯನ್ನು ಕೈಗೆ ತೆಗೆದುಕೊಂಡೆ.